ಹೊಸ್ತಿಲ ಮೇಲಿನ ಮುಳ್ಳು

ಕಲಬುರಗಿಯಲ್ಲಿ ಮನೆ ಮಾಡಿಕೊಂಡು ಹಡಗುಗಳ ದಿಕ್ಸೂಚಿ ಸರಿಮಾಡುವ ಕೆಲಸ ಮಾಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಬ್ರಹ್ಮಪುರದ ನಮ್ಮ ಓಣಿಗೆ ಬಾಡಿಗೆಗೆ ಬಂದವರೊಬ್ಬರು ಒಮ್ಮೆ, “ಸಾಹೇಬ್ರ, ಇಲ್ಲಿಂದ ಸಮುದ್ರ ಎಷ್ಟ್ ದೂರ ಅದರೀ?” ಎಂದು ಗಂಭೀರವಾಗಿಯೇ ಕೇಳಿದ್ದರು. ದೂರವೇ ಇದೆ. ಸಂಜೆ ರೈಲು ಹತ್ತಿದರೆ ಬೆಳಗಾಗುವಾಗ ಮುಂಬೈ. ಹಡಗಿನ ಅಧಿಕಾರಿಯಾಗಿ ಅರ್ಧ ಆಯಸ್ಸು ನೀರಿನ ಮೇಲೆ ಕಳೆದ ನಾನು, ದಡಕ್ಕೆ ಬಂದ ಮೇಲೆ ಪರೀಕ್ಷೆ ಬರೆದು ಈ ಕೆಲಸದ ಪರವಾನಗಿ ತೆಗೆದುಕೊಂಡೆ. ಬಂದರಿನಿಂದ ಫೋನು ಬಂದಾಗ ಹೋಗುತ್ತೇನೆ, ಕೆಲಸ ಮುಗಿಸಿ ಊರಿಗೆ ಮರಳುತ್ತೇನೆ. ಬಂದರಿನ ಊರುಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ನಮ್ಮ ಬಿಸಿಲೇ ನನಗೆ ಒಗ್ಗಿದ್ದು.

ಕೆಲಸ ಕೇಳುವುದಕ್ಕೆ ಸುಲಭ. ಹಡಗು ಎಂದರೆ ಉಕ್ಕು. ಉಕ್ಕನ್ನು ಬಡಿಯುವಾಗ, ಬೆಸುಗೆ ಹಾಕುವಾಗ ಅದಕ್ಕೆ ತನ್ನದೇ ಒಂದು ಕಾಂತಗುಣ ಬಂದುಬಿಡುತ್ತದೆ. ಅಂಥ ಉಕ್ಕಿನ ನಡುವೆ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ಉತ್ತರವನ್ನು ಬಿಟ್ಟು ಪಕ್ಕಕ್ಕೆ ವಾಲುತ್ತದೆ. ಹಡಗು ಪೂರ್ವಕ್ಕೆ ಮುಖ ಮಾಡಿದಾಗ ಒಂದಿಷ್ಟು, ಉತ್ತರಕ್ಕೆ ತಿರುಗಿದಾಗ ಇನ್ನೊಂದಿಷ್ಟು. ಹಾಗಾಗಿ ಹಡಗನ್ನು ನೀರಿನ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತೇವೆ. ಪ್ರತಿ ದಿಕ್ಕಿನಲ್ಲೂ ಸೂರ್ಯನನ್ನೋ ದಡದ ದೀಪಸ್ತಂಭವನ್ನೋ ನೋಡಿ ನಿಜವಾದ ದಿಕ್ಕು ಕಂಡುಕೊಳ್ಳುತ್ತೇವೆ. ಆಮೇಲೆ ದಿಕ್ಸೂಚಿಯ ಪೆಟ್ಟಿಗೆಯೊಳಗೆ ಸಣ್ಣ ಕಾಂತದ ಕಡ್ಡಿಗಳನ್ನು ಸೇರಿಸಿ, ಉಕ್ಕಿನ ಎಳೆತಕ್ಕೆ ಎದುರಾಗಿ ಅಷ್ಟೇ ಎಳೆತ ಹುಟ್ಟಿಸುತ್ತೇವೆ. ಉಪಗ್ರಹ ನೋಡಿ ದಾರಿ ಹೇಳುವ ಯಂತ್ರಗಳು ಈಗ ಎಲ್ಲ ಹಡಗಿನಲ್ಲೂ ಇವೆ. ಆದರೆ ನಡುಸಮುದ್ರದಲ್ಲಿ ಕರೆಂಟು ಹೋದರೆ ಕೊನೆಗೆ ಉಳಿಯುವುದು ಈ ಮುಳ್ಳು. ಅದಕ್ಕೇ ಇನ್ನೂ ನಮ್ಮಂಥವರನ್ನು ಕರೆಯುತ್ತಾರೆ.

ಒಂದು ಚಳಿಗಾಲದಲ್ಲಿ ಹೀಗೆಯೇ ಮುಂಬೈಯಲ್ಲಿದ್ದೆ. ರಿಪೇರಿ ಮುಗಿಸಿ ಆಗಷ್ಟೇ ನೀರಿಗಿಳಿದಿದ್ದ ಸರಕಿನ ಹಡಗು. ಚುಕ್ಕಾಣಿ ಕೋಣೆಯ ಪಕ್ಕದಲ್ಲೇ ಹೊಸ ಉಕ್ಕಿನ ತಗಡು ಬೆಸೆದಿದ್ದರಿಂದ ಅದರ ದಿಕ್ಸೂಚಿ ಸಿಕ್ಕಾಪಟ್ಟೆ ಸುಳ್ಳು ಹೇಳುತ್ತಿತ್ತು. ನಾನು ಎಲ್ಲಕ್ಕಿಂತ ಮೇಲಿನ ಮಾಳಿಗೆಯಲ್ಲಿ ದಿಕ್ಸೂಚಿಯ ಪಕ್ಕ ನಿಂತು “ಪೂರ್ವಕ್ಕೆ”, “ಇನ್ನು ಪಶ್ಚಿಮಕ್ಕೆ” ಎಂದು ಹೇಳುತ್ತ ಹೋದೆ. ಕೆಳಗಿನಿಂದ ಕ್ಯಾಪ್ಟನ್ ಹಡಗನ್ನು ತಿರುಗಿಸುತ್ತ ಹೋದರು. ಈ ಕೆಲಸದಲ್ಲಿ ಒಂದು ತಾಳ್ಮೆಯ ನಿಯಮವಿದೆ. ಪೂರ್ವದಲ್ಲಿ ಕಂಡ ತಪ್ಪನ್ನು ಪೂರ್ತಿ ತೆಗೆಯಬೇಕು. ಪಶ್ಚಿಮಕ್ಕೆ ತಿರುಗಿದಾಗ ಮತ್ತೆ ತಪ್ಪು ಕಂಡರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು. ಪೂರ್ತಿ ತೆಗೆಯುವ ಆಸೆಗೆ ಬಿದ್ದರೆ ಪೂರ್ವದ್ದು ಕೆಟ್ಟುಹೋಗುತ್ತದೆ.

ಮೊಬೈಲು ಹತ್ತಿರವಿದ್ದರೂ ಮುಳ್ಳು ಅಲುಗಾಡುವುದರಿಂದ ನನ್ನ ಫೋನನ್ನು ಕೆಳಗಿನ ಕೋಣೆಯಲ್ಲಿಟ್ಟಿದ್ದೆ. ಮಧ್ಯಾಹ್ನ ಇಳಿದು ಬಂದು ನೋಡಿದರೆ ಅಕ್ಕನ ಕರೆಗಳು ಸಾಲಾಗಿ ನಿಂತಿದ್ದವು. ಭಾವ ಕೆಲವು ದಿನಗಳಿಂದ ಆಸ್ಪತ್ರೆಯಲ್ಲಿದ್ದರು.

ಭಾವನದು ಕಲಬುರಗಿ ಹತ್ತಿರದ ನಂದೂರಿನಲ್ಲಿ ಗೇಟು, ಗ್ರಿಲ್ಲು, ಶೆಡ್ಡುಗಳ ಕಂಬ ಮಾಡುವ ಸಣ್ಣ ವೆಲ್ಡಿಂಗ್ ಕಾರ್ಖಾನೆ. ಒಂದು ಗೋದಾಮಿನ ಮಾಡು ಕೂರಿಸುವಾಗ ಮೇಲಿನಿಂದ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಕಲಬುರಗಿಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಗಾಯಕ್ಕೆ ಸೋಂಕು ತಗುಲಿ ಜ್ವರ ಶುರುವಾಯಿತು. ಬಿಟ್ಟಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ಡಾಕ್ಟರು ಔಷಧಿ ಬದಲಿಸಿ ನೋಡುತ್ತಿದ್ದರು.

ಗಾಬರಿಯಿಂದಲೇ ಅಕ್ಕನಿಗೆ ಫೋನು ಮಾಡಿದೆ. “ಭಾವ ಹ್ಯಾಂಗದಾರ?”

“ಹಂಗೇ ಅದಾರ. ಜ್ವರಾ ಬಿಟ್ಟಿಲ್ಲ. ಮಗಳು ಆಸ್ಪತ್ರ್ಯಾಗ ಅದಾಳ,” ಅಂದಳು ಅಕ್ಕ. ಆಮೇಲೆ ಧ್ವನಿ ಇಳಿಸಿ, “ತಮ್ಮಾ, ನಾಳಿ ಬಿಟ್ಟು ನಾಡದು ಬಾಗಲಾ ಒಡಸ್ತೀನಿ. ಗೌಂಡಿಗೆ ಹೇಳೀನಿ. ನೀ ಬರಬೇಕು. ನಾ ಒಬ್ಬಾಕಿನೇ ನಿಂತು ನೋಡಾಕ ಆಗಂಗಿಲ್ಲ,” ಅಂದಳು.

“ಯಾವ ಬಾಗಲಾ?”

“ನಮ್ಮ ಹೊಸಾ ಮನೀದು.”

ಅಕ್ಕ ಕಮಲಾಪುರದ ಶಾಲೆಯಲ್ಲಿ ಶಿಕ್ಷಕಿ. ಎಷ್ಟೋ ವರ್ಷ ಕಲಬುರಗಿಯ ಜಗತ್ ಸರ್ಕಲ್ ಬಳಿಯ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿದವಳು. ಕಡೆಗೆ ಹಟ ಹಿಡಿದು ಕಮಲಾಪುರದಲ್ಲೇ, ಬಾಳೆತೋಟಗಳ ಅಂಚಿಗೆ, ಒಂದು ಮನೆ ಕಟ್ಟಿಸಿದ್ದಳು. ಗೃಹಪ್ರವೇಶವಾಗಿ ವರ್ಷ ತುಂಬುವ ಮೊದಲೇ ಭಾವ ಬಿದ್ದರು. ನೋಡಲು ಬಂದ ನೆಂಟರು ಒಬ್ಬೊಬ್ಬರೂ ಮನೆಯ ಬಗ್ಗೆ ಒಂದೊಂದು ಮಾತು ಆಡಿಹೋದರು. ಆಗ ಭಾವನ ಚಿಕ್ಕಪ್ಪ, ನಾವೆಲ್ಲ ಕಾಕಾ ಅನ್ನುವವರು, ದಿಕ್ಸೂಚಿ ತಂದು ಹೊಸ್ತಿಲ ಮೇಲಿಟ್ಟು ನೋಡಿದರಂತೆ. ಪೂರ್ವಕ್ಕಿರಬೇಕಾದ ಬಾಗಿಲು ಆಗ್ನೇಯಕ್ಕೆ ತಿರುಗಿರುವುದು ಕಂಡಿತಂತೆ. ಮೊಬೈಲನ್ನೂ ಅಲ್ಲೇ ಇಟ್ಟು ನೋಡಿದರು. ಅದೂ ಹಾಗೇ ಅಂದಿತಂತೆ.

ಸಂಜೆಯೊಳಗೆ ಹಡಗಿನ ಕೆಲಸ ಮುಗಿಯಿತು. ಉಳಿದ ಚೂರುಪಾರು ತಪ್ಪನ್ನು ದಿಕ್ಕುವಾರು ಬರೆದುಕೊಟ್ಟು ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆ ಬಾಗಿಲಿನ ಚೌಕಟ್ಟು ನನಗೆ ಗೊತ್ತಿತ್ತು. ಕಟ್ಟಿಗೆಯದು ಬೇಡ ಎಂದು ಭಾವ ತಮ್ಮ ಕಾರ್ಖಾನೆಯಲ್ಲೇ ದಪ್ಪ ಉಕ್ಕಿನಲ್ಲಿ ತಾವೇ ಬಡಿದು, ಬೆಸೆದು ಮಾಡಿದ್ದು. ಹೊಸ್ತಿಲಿಗೂ ಉಕ್ಕಿನ ಪಟ್ಟಿ. ಅದರ ಮೇಲೆ ದಿಕ್ಸೂಚಿ ಇಟ್ಟರೆ ಅದು ನಿಜ ಹೇಳುವುದಾದರೂ ಹೇಗೆ? ಇಷ್ಟು ಖಾತ್ರಿಯಿತ್ತು. ಖಾತ್ರಿ ಇಲ್ಲದಿದ್ದುದು ಇನ್ನೊಂದು ಮಾತು. ಉಕ್ಕಿನ ತಪ್ಪನ್ನು ಕಳೆದ ಮೇಲೂ ಬಾಗಿಲು ನಿಜವಾಗಿ ಆಗ್ನೇಯಕ್ಕೇ ಇದ್ದರೆ? ಆ ಮನೆಯ ದಿಕ್ಕನ್ನು ನಾನು ಎಂದೂ ಅಳೆದಿರಲಿಲ್ಲ. ಅಳೆದು, ಇಲ್ಲ ಅಕ್ಕಾ, ಕಾಕಾ ಹೇಳಿದ್ದೇ ಖರೆ ಅನ್ನುವಂತಾದರೆ, ಅವಳ ಮುರಿದ ಮನಸ್ಸಿಗೆ ನಾನೇ ಕೊನೆಯ ಪೆಟ್ಟು ಹಾಕಿದಂತಾಗುತ್ತಿತ್ತು. ದಿಕ್ಕಿಗೂ ಭಾವನ ಜ್ವರಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳಬಹುದಿತ್ತು. ಅವಳು ಕೇಳುತ್ತಿರಲಿಲ್ಲ.

ಕಲಬುರಗಿಯಲ್ಲಿ ಇಳಿದು ಮೊದಲು ಆಸ್ಪತ್ರೆಗೆ ಹೋದೆ. ಭಾವ ಬಾಡಿದ ಮುಖದಲ್ಲೇ ನಕ್ಕು, “ನಿಮ್ಮಕ್ಕಗ ಹೇಳು ಮಾರಾಯಾ. ಆ ಚೌಕಟ್ಟು ನಾ ಕೈಯಾರೆ ಮಾಡೀನಿ,” ಅಂದರು. ಅದಕ್ಕಿಂತ ಹೆಚ್ಚು ಮಾತಾಡುವ ಶಕ್ತಿ ಅವರಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಮಲಾಪುರದ ಮನೆ ಮುಟ್ಟಿದಾಗ ಗೌಂಡಿ ಆಗಲೇ ಬಂದು, ಸುತ್ತಿಗೆ ಉಳಿಗಳ ಚೀಲವನ್ನು ಅಂಗಳದಲ್ಲಿಟ್ಟು ಚಹಾ ಕುಡಿಯುತ್ತಿದ್ದ. ಮನೆ ಕಟ್ಟಿದವನೂ ಅವನೇ. ನನ್ನನ್ನು ಪಕ್ಕಕ್ಕೆ ಕರೆದು, “ಭಾಯ್, ಮ್ಯಾಲಿನ ಬೀಮ್ ಕಟ್ ಮಾಡೂದಂದ್ರ ಮಾಮೂಲಿ ಮಾತಲ್ಲ. ಗ್ವಾಡಿ ಬಿರುಕು ಬಿಡ್ತದ. ನನ್ನ ದಿಲ್ ಒಪ್ಪವಲ್ದು. ನೀವಾದ್ರೂ ಹೇಳ್ರಿ,” ಅಂದ.

ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಊರಿನಲ್ಲಿ ಬಾವಿಗೆ, ಮನೆಗೆ ಜಾಗ ತೋರಿಸುವ ಹಿರಿಯರು. ದುಡ್ಡು ಮುಟ್ಟಿದವರಲ್ಲ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ಕಿರಿಯರನ್ನು ಕಂಡು ಎದ್ದು ನಿಲ್ಲುವವರಲ್ಲ ಅವರು, ಆ ಅಳುಕು ಕಂಡು ನನಗೆ ಕಸಿವಿಸಿಯಾಯಿತು.

“ಅಡಿಪಾಯ ಹಾಕೋ ಮುಂದ ನಾನೇ ದಿಕ್ಕು ನೋಡಿದ್ದೆ ನೋಡಪ್ಪ,” ಅಂದರು. “ಪೂರ್ವ ಅಂತ ನಾನೇ ಹಗ್ಗಾ ಹಿಡಿಸಿದ್ದೆ. ಈಗ ನೋಡಿದ್ರ ಮುಳ್ಳು ಬ್ಯಾರೇನೇ ತೋರಸಾಕತ್ತದ. ಅವತ್ತು ನನ್ನ ಕಣ್ಣು ಮಂಜಾಗಿತ್ತೋ, ಕೈ ನಡುಗಿತ್ತೋ. ನನ್ನ ತಪ್ಪಿನಿಂದ ಮನೀ ಮಗಾ ಹಾಸಿಗಿ ಹಿಡದಾನ.”

ಅಲ್ಲಿಯವರೆಗೆ ನಾನು ಕಾಕಾರ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ. ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಈ ಮನುಷ್ಯ ಯಾರನ್ನೂ ಹೆದರಿಸಲು ಹೊರಟಿರಲಿಲ್ಲ. ತನ್ನದೇ ಕೈ ತಪ್ಪಿತೆಂದು ನಂಬಿ, ಅದನ್ನು ಹೇಗಾದರೂ ತಿದ್ದಲು ಒದ್ದಾಡುತ್ತಿದ್ದರು.

ಅಕ್ಕ ಒಳಗಿನಿಂದ ಬಂದಳು. ಕಣ್ಣ ಕೆಳಗೆ ಕಪ್ಪು. “ಮನೀ ಬೇಕಂತ ಹಟಾ ಹಿಡದಾಕಿ ನಾನು. ಅವ್ರಿಗೆ ಬಾಡಿಗಿ ಮನೀನೇ ಸಾಕಾಗಿತ್ತು,” ಅಂದಳು. ನಾನು ಏನಾದರೂ ಹೇಳುವ ಮೊದಲೇ, “ಬ್ಯಾಡ, ಬುದ್ಧಿ ಹೇಳಬ್ಯಾಡ,” ಅಂದಳು.

ನನ್ನ ಚೀಲದಿಂದ ಕೈದಿಕ್ಸೂಚಿ ತೆಗೆದು, “ಅಕ್ಕಾ, ಉಕ್ಕಿನ ಮ್ಯಾಲ ಇಟ್ಟರ ಮುಳ್ಳು ದಾರಿ ತಪ್ತದ. ನನ್ನ ಹೊಟ್ಟಿಪಾಡೇ ಇದು. ಅಂಗಳದಾಚಿ, ತೋಟದಾಗ ನಿಂತು ನೋಡೂಣು ಬಾ,” ಅಂದೆ.

ಅವಳು ತಲೆಯಾಡಿಸಿದಳು. “ಅದೂ ಮುಳ್ಳು, ಇದೂ ಮುಳ್ಳು. ಯಾವುದನ್ನ ನಂಬಲಿ ತಮ್ಮಾ?”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೊಬೈಲಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ತೋರಿಸಬಹುದಿತ್ತು. ಆದರೆ ಹೊಸ್ತಿಲ ಮೇಲೆ ಸುಳ್ಳು ಹೇಳಿದ್ದೂ ಮೊಬೈಲೇ. ಹಡಗಿನಲ್ಲೂ ಇದೇ ಪ್ರಶ್ನೆ ಬರುತ್ತದೆ. ಒಂದು ದಿಕ್ಸೂಚಿಯನ್ನು ಇನ್ನೊಂದರಿಂದ ಅಳೆಯುವುದಕ್ಕಿಂತ ತಲೆಯೆತ್ತಿ ಆಕಾಶ ನೋಡುವುದು ಮೇಲು.

“ಮುಳ್ಳೇ ಬ್ಯಾಡ ಬಿಡು. ಸೂರ್ಯನ್ನ ನಂಬ್ತೀಯಿಲ್ಲೋ?” ಅಂದೆ.

ಕೈದಿಕ್ಸೂಚಿಯನ್ನು ಮತ್ತೆ ಚೀಲಕ್ಕೆ ಹಾಕುತ್ತ ನಾನೇ ಮುಂದುವರಿಸಿದೆ. “ಇವತ್ತೊಂದ್ ದಿನಾ ಕೊಡು. ಸಂಜಿಗೆ ಬಾಗಲಾ ಆಗ್ನೇಯಕ್ಕ ಅದ ಅಂತ ಕಂಡರ ನಾನೇ ಮೊದಲ ಸುತ್ತಿಗಿ ಹಾಕ್ತೀನಿ.”

ಬಾಗಿಲ ಮುಂದಿನ ಅಂಗಳ ಗಟ್ಟಿ ಗಾರೆಯದು, ಸಮತಟ್ಟು. ಗೌಂಡಿ ಹುರುಪಿನಿಂದ ಎದ್ದು ತನ್ನ ಮಟ್ಟಗೋಲು ತಂದ. ಮನೆಯ ನೆರಳು ಮುಟ್ಟದಷ್ಟು ದೂರದಲ್ಲಿ ಒಂದು ನೇರ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟು, ತೂಗುಗುಂಡು ಇಳಿಬಿಟ್ಟು, ಅದು ಯಾವ ಕಡೆಗೂ ವಾಲದಂತೆ ನಿಲ್ಲಿಸಿದ. ನಾನು ಕೋಲಿನ ಬುಡವನ್ನೇ ನಡುವಾಗಿಟ್ಟು ದಾರದಿಂದ ಸುಣ್ಣದ ದೊಡ್ಡ ವೃತ್ತ ಎಳೆದೆ. ಬೆಳಗಿನ ನೆರಳು ವೃತ್ತದಾಚೆಗೂ ಚಾಚಿತ್ತು. ಬಿಸಿಲೇರಿದಂತೆ ಅದು ಕುಗ್ಗುತ್ತದೆ. ಅದರ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುವ ಜಾಗದಲ್ಲಿ ಒಂದು ಗುರುತು. ಮಧ್ಯಾಹ್ನದ ಮೇಲೆ ಮತ್ತೆ ಉದ್ದವಾಗಿ ಹೊರಗೆ ಹೋಗುವ ಜಾಗದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ಇದಕ್ಕೆ ಗಡಿಯಾರವೂ ಬೇಡ, ಕಾಂತವೂ ಬೇಡ.

ನಾನು ವಿವರಿಸುತ್ತಿರುವಾಗಲೇ ಕಾಕಾ ಕಟ್ಟೆಯಿಂದ ಇಳಿದು ಬಂದು ವೃತ್ತದ ಪಕ್ಕ ಕುಕ್ಕರಗಾಲಲ್ಲಿ ಕೂತರು. “ಶಂಕು ನೆಡೂದು ಅಂತಿದ್ರು ಇದಕ್ಕ,” ಅಂದರು ಮೆಲ್ಲಗೆ. “ನಮ್ಮಪ್ಪ ಹಿಂಗೇ ನೋಡ್ತಿದ್ದ. ನಾ ಸಣ್ಣಾಂವಿದ್ದಾಗ ಕಂಡಿದ್ದೆ. ಆಮ್ಯಾಲ ಈ ಕಂಪಾಸು ಬಂತು, ಎಲ್ಲಾರೂ ಬಿಟ್ಟರು. ಹಡಗಿನವ್ರಿಗೂ ಇದು ಗೊತ್ತದ?”

“ಹಡಗು ಒಂದ್ ಕಡೆ ನಿಲ್ಲಂಗಿಲ್ಲ ಕಾಕಾ, ಕೋಲು ನೆಡಾಕ ಆಗಂಗಿಲ್ಲ. ಆದ್ರ ನೋಡೂದು ಸೂರ್ಯನ್ನೇ.”

ನೆರಳಿನ ತುದಿ ವೃತ್ತವನ್ನು ಮುಟ್ಟಿದಾಗ ಗುರುತು ಹಾಕಿದವರು ಕಾಕಾ. ನಾನೇ ಅವರ ಕೈಗೆ ಮೊಳೆ ಕೊಟ್ಟಿದ್ದೆ. ಕೈ ಸ್ವಲ್ಪವೂ ನಡುಗಲಿಲ್ಲ.

ಆಮೇಲೆ ಕಾಯುವ ಕೆಲಸ. ಅಕ್ಕ ಒಲ್ಲದ ಮನಸ್ಸಿನಿಂದಲೇ ರೊಟ್ಟಿ ಬಡಿದಳು. ಹೆಸರುಬೇಳೆ ಪಲ್ಯ, ಶೇಂಗಾ ಹಿಂಡಿ. ಗೌಂಡಿ ಪಕ್ಕದ ತೋಟದವರಿಂದ ಕೆಂಪು ಬಾಳೆಹಣ್ಣಿನ ಚಿಪ್ಪು ತಂದ. ಎಲ್ಲರೂ ಪಡಸಾಲೆಯಲ್ಲಿ ಕೂತು ಉಂಡೆವು. ಎಲ್ಲರ ಕಣ್ಣೂ ಅಂಗಳದ ಮೇಲೆ. ಒಮ್ಮೆ ಒಂದು ಆಡು ಬಂದು ಕೋಲಿಗೆ ಮೈ ಉಜ್ಜಲು ನೋಡಿತು. ಊಟ ಬಿಟ್ಟು ಕಾಕಾ ಓಡಿದ ಓಟ ನೋಡಿ ಅಕ್ಕ ನಕ್ಕುಬಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕಿದ್ದಿರಬೇಕು. ಅವಳೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನೂರಾರು ಹಡಗು ತಿರುಗಿಸಿದವನು, ಒಂದು ಮನೆಯ ಮುಂದೆ ಪರೀಕ್ಷೆ ಬರೆದ ಹುಡುಗನ ಹಾಗೆ ಕೂತಿದ್ದೆ. ಬೇಕೆಂದಿದ್ದರೆ ಬೆಳಿಗ್ಗೆಯೇ ತೋಟದಲ್ಲಿ ನಿಂತು ಕೈದಿಕ್ಸೂಚಿಯಿಂದ ಅಂದಾಜು ನೋಡಿಕೊಳ್ಳಬಹುದಿತ್ತು. ನೋಡಲಿಲ್ಲ. ಉತ್ತರ ಮೊದಲೇ ನನಗೆ ತಿಳಿದಿದ್ದರೆ ಅದು ನನ್ನ ಮುಖದ ಮೇಲೆ ಕಾಣುತ್ತಿತ್ತು. ಅಕ್ಕ ಸಣ್ಣಂದಿನಿಂದ ನನ್ನ ಮುಖ ಓದುವವಳು.

ಮಧ್ಯಾಹ್ನ ಇಳಿಯುತ್ತಿದ್ದಂತೆ ನೆರಳು ಇನ್ನೊಂದು ಕಡೆಯಿಂದ ವೃತ್ತದ ಗೆರೆಯನ್ನು ಮುಟ್ಟಿತು. ಕಾಕಾ ಎರಡನೆಯ ಮೊಳೆ ಇಟ್ಟರು. ಎರಡು ಮೊಳೆಗಳ ನಡುವೆ ದಾರ ಬಿಗಿದು ಅದನ್ನು ಬಾಗಿಲವರೆಗೂ ಎಳೆದೆವು. ಗೌಂಡಿ ಲಂಬಕೋನ ನೋಡುವ ತನ್ನ ಮೂಲೆಮಟ್ಟ ತಂದು ಮೊಣಕಾಲೂರಿ ಕೂತ. ಬಾಗಿಲು ಸರಿಯಾಗಿ ಪೂರ್ವಕ್ಕಿದ್ದರೆ ಹೊಸ್ತಿಲಿಗೂ ದಾರಕ್ಕೂ ನಡುವೆ ಮೂಲೆಮಟ್ಟ ನೆಟ್ಟಗೆ ಕೂರಬೇಕು. ಅದರ ಒಂದು ತೋಳನ್ನು ಹೊಸ್ತಿಲಿಗೆ ಒತ್ತಿ, ಇನ್ನೊಂದನ್ನು ದಾರದ ಕೆಳಗೆ ಸರಿಸಿ, ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ.

“ಯಾ ಅಲ್ಲಾ,” ಅಂದ. ಇನ್ನೊಂದು ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿದ.

“ಏನಾತು? ಹೇಳು!” ಅಕ್ಕ ಕೂಗಿದಳು.

“ಬರೋಬ್ಬರಿ ಅದ ಅಕ್ಕಾರ! ಕೂದಲಷ್ಟು ಈ ಕಡಿ ಅದ, ಈಶಾನ್ಯದ ಕಡಿ. ಆಗ್ನೇಯದ ಮಾತೇ ಇಲ್ಲ. ಬರ್ರಿ, ನೀವೇ ನೋಡ್ರಿ.”

ನಾನೂ ಬಗ್ಗಿ ನೋಡಿದೆ. ಹೌದು. ಬಾಗಿಲು ಪೂರ್ವಕ್ಕೇ ಇತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಕಾಕಾರ ದಿಕ್ಸೂಚಿಯನ್ನೇ ತೆಗೆದುಕೊಂಡು ಹೊಸ್ತಿಲ ಮೇಲಿಟ್ಟೆ. ಮುಳ್ಳು ಹಟದಿಂದ ಪಕ್ಕಕ್ಕೆ ವಾಲಿ ನಿಂತಿತು. ಅದನ್ನು ಅಂಗೈ ಮೇಲಿಟ್ಟುಕೊಂಡು, ಅಕ್ಕನನ್ನೂ ಕಾಕಾರನ್ನೂ ಪಕ್ಕದಲ್ಲಿ ಕರೆದುಕೊಂಡು, ಬಾಗಿಲಿನಿಂದ ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ದೂರವಾದಂತೆ ಮುಳ್ಳು ನಿಧಾನವಾಗಿ ತಿರುಗುತ್ತ ಬಂತು. ತೋಟದ ಬದುವಿಗೆ ಬರುವಷ್ಟರಲ್ಲಿ ಸುಣ್ಣದ ವೃತ್ತದ ಮೇಲಿನ ದಾರಕ್ಕೆ ನೆಟ್ಟಗೆ ಅಡ್ಡವಾಗಿ ಉತ್ತರಕ್ಕೆ ಸರಿಯಾಗಿ ನಿಂತಿತು.

“ಅಡಿಪಾಯ ಹಾಕುವಾಗ ಇಲ್ಲಿ ಉಕ್ಕಿರಲಿಲ್ಲ ಕಾಕಾ. ಅವತ್ತು ನೀವು ನೋಡಿದ್ದು ಖರೇನೇ. ಭಾವ ಬಡಿದು ಬೆಸೆದ ಚೌಕಟ್ಟು ಈಗ ಮುಳ್ಳನ್ನ ಎಳೀಲಾಕತ್ತದ, ಅಷ್ಟೇ,” ಅಂದೆ.

ಕಾಕಾ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. “ಹಂಗಾದ್ರ ನನ್ನ ಕೈ ತಪ್ಪಿರಲಿಲ್ಲ,” ಅಂದರು. ನಮಗೆ ಹೇಳಿದಂತಿರಲಿಲ್ಲ ಅದು. ಚಷ್ಮಾ ಮತ್ತೆ ಹಾಕಿಕೊಂಡು ಅಕ್ಕನ ಕಡೆ ತಿರುಗಿ, “ನಿನ್ನ ಮನೀ ಛಲೋ ಅದ ಅವ್ವಾ. ನಾನೇ ನಿನಗ ತ್ರಾಸ ಕೊಟ್ಟೆ,” ಅಂದರು.

“ನೀವ್ಯಾಕ ಕೊಟ್ಟೀರಿ ಕಾಕಾ,” ಅಂದಳು ಅಕ್ಕ, ಅಳುತ್ತ. ಆ ಅಳುವಿನಲ್ಲಿ ಬೆಳಗಿನ ಬಿಗಿತ ಇರಲಿಲ್ಲ.

ಗೌಂಡಿ ಚೀಲ ಎತ್ತಿಕೊಂಡು ಹೊರಟ. ಹೋಗುವಾಗ ಬೀಮಿನ ಮೇಲೆ ಒಮ್ಮೆ ಅಂಗೈ ಆಡಿಸಿದ. ಅಕ್ಕ ಒಳಗೆ ಹೋಗಿ ಚಾಪೆಯ ಮೇಲೆ ಒರಗಿ ನಿದ್ದೆಹೋದವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ನಾನು, ಕಾಕಾ ಕಟ್ಟೆಯ ಮೇಲೆ ಕೂತೆವು. ಹಡಗು ಹೇಗೆ ತಿರುಗುತ್ತದೆ, ಅಷ್ಟು ದೊಡ್ಡ ಕಬ್ಬಿಣದ ರಾಶಿಯನ್ನು ಅಷ್ಟು ಸಣ್ಣ ಕಾಂತದ ಕಡ್ಡಿ ಹೇಗೆ ಸುಮ್ಮನಾಗಿಸುತ್ತದೆ ಎಂದು ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಇಷ್ಟು ಆಸೆಯಿಂದ ನನ್ನ ಕೆಲಸದ ಬಗ್ಗೆ ಊರಿನಲ್ಲಿ ಇನ್ಯಾರೂ ಕೇಳಿರಲಿಲ್ಲ.

ಭಾವನ ಜ್ವರ ಅಂದೇನೂ ಬಿಡಲಿಲ್ಲ. ಹೊಸ ಔಷಧಿ ನಾಟಲು ಇನ್ನೊಂದು ವಾರ ಹಿಡಿಯಿತು. ಆ ವಾರವೂ ಕಷ್ಟದ್ದೇ. ಆದರೆ ಅಕ್ಕ ಆಸ್ಪತ್ರೆಯಲ್ಲಿ ಭಾವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು, ಡಾಕ್ಟರು ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಅವಳದೇ ಫೋನು ಬಂತು. “ತಮ್ಮಾ, ಮೈ ತಣ್ಣಗದ. ನಿನ್ನಿಯಿಂದ ಏರಿಲ್ಲ. ಉಪ್ಪಿಟ್ಟು ಕೇಳಿ ತಿಂದ್ರು,” ಅಂದಳು. ನಾನು ಫೋನು ಹಿಡಿದುಕೊಂಡೇ ನಮ್ಮ ಓಣಿಯ ನಡುವೆ ನಿಂತುಬಿಟ್ಟೆ. ಹಿಂದೆ ಬಂದ ಆಟೋದವನು ಹಾರ್ನ್ ಬಾರಿಸಿ ಬೈದು ಹೋದ. ಅದೂ ಹಿತವಾಗಿಯೇ ಕೇಳಿಸಿತು.

ಭಾವನನ್ನು ಜೀಪಿನಲ್ಲಿ ಕಮಲಾಪುರಕ್ಕೆ ಕರೆತಂದ ದಿನ ಕಾಕಾ ಮೊದಲೇ ಬಂದು ಅಂಗಳ ಗುಡಿಸಿ ನಿಂತಿದ್ದರು. ಭಾವ ವಾಕರ್ ಊರಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಬಂದು, ಚೌಕಟ್ಟಿಗೆ ಭುಜ ಆನಿಸಿ ದಣಿವಾರಿಸಿಕೊಂಡರು.

“ಇದನ್ನ ಒಡ್ಯಾಕ ಹೊಂಟಿದ್ರಿ?” ಅಂದರು. “ನಿಮ್ಮ ಸುತ್ತಿಗಿಗೆ ಇದು ಒಡೀತಿತ್ತೇನು? ಎಂಥಾ ವೆಲ್ಡಿಂಗ್ ಅದ ಗೊತ್ತೇನು?”

“ಆತು, ಒಳಗ ನಡೀರಿ, ಬಿಸಲಾಗ ನಿಂತು ಭಾಷಣ ಬ್ಯಾಡ,” ಅಂದಳು ಅಕ್ಕ. ಅವಳು ಗದರಿದ್ದು ಕೇಳಿ ಭಾವನ ಮುಖ ಅರಳಿತು. ಕಾಕಾ ಒಂದು ಕಡೆ, ನಾನು ಒಂದು ಕಡೆ ನಿಂತು ಅವರನ್ನು ಒಳಗೆ ದಾಟಿಸಿದೆವು.